ಬ್ಯಾಂಕ್ ಕಟ್ ಮಾಡಿದ ದುಡ್ಡು ವಾಪಸ್ ಕೇಳುವುದು ಹೇಗೆ?

ಹಾಸನದಲ್ಲಿ ಸಂತೆ ದಿನ ಯಾವುದಾದರೂ ಬ್ಯಾಂಕಿನೊಳಗೆ ಹತ್ತು ನಿಮಿಷ ಕೂತು ನೋಡಿ. ಪಾಸ್‌ಬುಕ್ ಹಿಡಿದು ಒಬ್ಬರಾದರೂ ಕೌಂಟರ್ ಮುಂದೆ ಕೂಗಾಡುತ್ತಿರುತ್ತಾರೆ. "ನನ್ನ ದುಡ್ಡು ಯಾಕೆ ಕಟ್ ಮಾಡಿದ್ರಿ?" "ಸಿಸ್ಟಮ್ ಕಟ್ ಮಾಡೋದಮ್ಮ, ನಮ್ಮ ಕೈಲಿಲ್ಲ." ಗಂಟಲು ನೋವು ಬಂತು, ಬಸ್ಸಿಗೆ ಹೊತ್ತಾಯಿತು, ಮನೆಗೆ ಹೋದರು. ಕಾಗದದ ಮೇಲೆ ಒಂದಕ್ಷರವೂ ಇಲ್ಲ. ಹೀಗೆ ಕೇಳಿದರೆ ದುಡ್ಡು ಬರುವುದಿಲ್ಲ.

ಮೊದಲು ಎಂಟ್ರಿ ಮಾಡಿಸಿ. ಪಾಸ್‌ಬುಕ್ ಯಂತ್ರ ಕೆಟ್ಟಿದ್ದರೆ ಸ್ಟೇಟ್‌ಮೆಂಟ್ ತೆಗೆಸಿಕೊಳ್ಳಿ. ಕಡಿತದ ಸಾಲುಗಳಿಗೆ ಪೆನ್ಸಿಲ್‌ನಲ್ಲಿ ಗೀಟು ಹಾಕಿ.

ಗೀಟು ಹಾಕಿದ್ದೆಲ್ಲ ಅನ್ಯಾಯ ಅಂದುಕೊಳ್ಳಬೇಡಿ. 436 ರೂಪಾಯಿ ಕಟ್ ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ, 20 ರೂಪಾಯಿ ಆದರೆ ಸುರಕ್ಷಾ ವಿಮೆ. ಎರಡೂ ವರ್ಷಕ್ಕೊಮ್ಮೆ. ನೀವು ಸಹಿ ಹಾಕಿದ್ದರೆ ಸುಮ್ನೆ ಬಿಡಿ, ಅಗ್ಗದ ವಿಮೆ ಅದು. ಸಹಿಯೇ ಹಾಕಿಲ್ಲ ಅಂದರೆ ಒಪ್ಪಿಗೆ ಪತ್ರದ ನಕಲು ಕೇಳಿ. ಎಟಿಎಂ ಲೆಕ್ಕದಲ್ಲೂ ಜನ ಎಡವುತ್ತಾರೆ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಮೂರೇ ಸಲ ಪುಕ್ಕಟೆ ಎಂದು ಬೆಂಗಳೂರಿನ ನೆಂಟರು ಹೇಳುತ್ತಾರಲ್ವಾ, ಅದು ಮಹಾನಗರದ ಮಾತು. ಹಾಸನದ ಎಟಿಎಂಗಳಲ್ಲಿ ಐದು ಸಲ. ಅದರ ಮೇಲೆ ಒಂದೊಂದಕ್ಕೂ 23 ರೂಪಾಯಿ ಮತ್ತು ತೆರಿಗೆಯವರೆಗೆ ಹಾಕಬಹುದು. ಅದನ್ನು ವಾಪಸ್ ಕೇಳಿ ಪ್ರಯೋಜನವಿಲ್ಲ. ಆದರೆ ಯಂತ್ರ ದುಡ್ಡು ಕೊಡದೆ ಖಾತೆಯಲ್ಲಿ ಕಟ್ ಆಗಿದ್ದರೆ, ಐದು ದಿನದೊಳಗೆ ಬ್ಯಾಂಕ್ ತಾನಾಗಿಯೇ ಅದನ್ನು ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ನಮ್ಮ ಕಡೆ ಜಾಸ್ತಿ ಜನ ಕಳೆದುಕೊಳ್ಳುವುದು ಮಿನಿಮಮ್ ಬ್ಯಾಲೆನ್ಸ್ ದಂಡದಲ್ಲಿ. ನಮ್ಮತ್ತೆ ಆಲೂರಿನ ಹತ್ತಿರ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ಬಟವಾಡೆ ಬೇರೆ ಖಾತೆಗೆ ಬರಲು ಶುರುವಾದ ಮೇಲೆ ಹಳೇ ಖಾತೆಯನ್ನು ಮರೆತೇಬಿಟ್ಟಿದ್ದರು. ಮೂರು ವರ್ಷದ ನಂತರ ಎಂಟ್ರಿ ಮಾಡಿಸಿದರೆ ಮೂರು ತಿಂಗಳಿಗೊಂದು ಸಾಲು: ದಂಡ 150, ಜಿಎಸ್‌ಟಿ 27. ಒಟ್ಟು 177. ಹಾಗೆ ಹನ್ನೆರಡು ಸಾಲು.

ಇದಕ್ಕೆ ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಎಸ್ಸೆಮ್ಮೆಸ್, ಇಮೇಲ್ ಅಥವಾ ಪತ್ರದಲ್ಲಿ ತಿಳಿಸಬೇಕು, ತುಂಬಲು ಒಂದು ತಿಂಗಳು ಬಿಡಬೇಕು. ದಂಡದಿಂದಲೇ ಖಾತೆ ಮೈನಸ್‌ಗೆ ಹೋಗಬಾರದು. ಇವೆರಡೂ 2015ರ ಏಪ್ರಿಲ್‌ನಿಂದ ಇವೆ. ಇನ್ನೊಂದು 2014ರ ಮೇ ತಿಂಗಳಿನಿಂದಲೇ ಇರುವುದು: ಎರಡು ವರ್ಷಕ್ಕಿಂತ ಜಾಸ್ತಿ ನೀವು ವ್ಯವಹಾರ ಮಾಡದೆ ನಿಷ್ಕ್ರಿಯವಾದ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕುವಂತೆಯೇ ಇಲ್ಲ. ಬ್ಯಾಂಕ್ ತಾನೇ ಕಟ್ ಮಾಡಿದ್ದು, ತಾನೇ ಹಾಕಿದ ಬಡ್ಡಿ ನಿಮ್ಮ ವ್ಯವಹಾರದ ಲೆಕ್ಕಕ್ಕೆ ಬರುವುದಿಲ್ಲ.

ಈಗ ಪತ್ರ. ಎಲ್ಲರೂ ಕೆಡಿಸುವುದು ಇಲ್ಲೇ. ನಾನು ನೋಡಿದ ಒಂದು ಪತ್ರ ಮೂರು ಪುಟ ಇತ್ತು. ಅದರಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಂದದ್ದು, ಮಗಳ ಮದುವೆ, ಮ್ಯಾನೇಜರ್ ಕುರ್ಚಿಯಿಂದ ಏಳದಿದ್ದದ್ದು ಎಲ್ಲ ಇತ್ತು. ಎಷ್ಟು ದುಡ್ಡು, ಯಾವ ತಾರೀಖು ಅನ್ನುವುದೊಂದೇ ಇರಲಿಲ್ಲ.

ಒಂದೇ ಪುಟ ಸಾಕು. ಮೇಲೆ ಹೆಸರು, ಖಾತೆ ನಂಬರು, ಮೊಬೈಲ್ ನಂಬರು, ತಾರೀಖು. ಕೆಳಗೆ ಒಂದು ಕೋಷ್ಟಕ ಎಳೆಯಿರಿ: ಕಡಿತದ ದಿನ, ಪಾಸ್‌ಬುಕ್‌ನಲ್ಲಿ ಇದ್ದ ಹಾಗೇ ವಿವರ, ಮೊತ್ತ, ಜಿಎಸ್‌ಟಿ. ಅರ್ಥವಾಗದ ಸಂಕೇತ ಇದ್ದರೂ ಹಾಗೇ ನಕಲು ಮಾಡಿ, ನೀವು ಅರ್ಥ ಹಚ್ಚಬೇಡಿ. ಆಮೇಲೆ ಮೂರು ಪ್ರಶ್ನೆ. ಈ ಕಡಿತ ಯಾವ ನಿಯಮದ ಪ್ರಕಾರ? ನನಗೆ ಮುಂಚೆ ತಿಳಿಸಿದ್ದಕ್ಕೆ ದಾಖಲೆ ಎಲ್ಲಿ? ದಾಖಲೆ ಇಲ್ಲದಿದ್ದರೆ ಜಿಎಸ್‌ಟಿ ಸಮೇತ ಯಾವ ದಿನ ವಾಪಸ್ ಹಾಕುತ್ತೀರಿ? ಮುಗಿಯಿತು, ಸಹಿ ಹಾಕಿ. ಬೈಗುಳ ಬೇಡ, "ಕೋರ್ಟಿಗೆ ಹೋಗುತ್ತೇನೆ" ಅನ್ನುವುದೂ ಬೇಡ. ಕನ್ನಡದಲ್ಲೇ ಬರೆಯಿರಿ. ಅರ್ಧಂಬರ್ಧ ಇಂಗ್ಲಿಷ್‌ನಲ್ಲಿ ಬರೆದರೆ ನೀವು ಕೇಳಿದ್ದೇ ಬೇರೆ, ಅವರು ಓದಿಕೊಂಡದ್ದೇ ಬೇರೆ ಆಗುತ್ತದೆ.

ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ. ಇನ್ನೊಂದರ ಮೇಲೆ ಬ್ಯಾಂಕಿನ ಸೀಲು, ತಾರೀಖು, ತೆಗೆದುಕೊಂಡವರ ಸಹಿ ಬೀಳುವವರೆಗೆ ಕೌಂಟರ್ ಬಿಡಬೇಡಿ. "ಇಟ್ಟು ಹೋಗಿ, ನೋಡ್ತೀವಿ" ಅನ್ನುತ್ತಾರೆ. ಇಡಬೇಡಿ. ಸೀಲು ಹಾಕುವುದೇ ಇಲ್ಲ ಅಂದರೆ ಜಗಳವಾಡದೆ ನೇರ ಅಂಚೆ ಕಚೇರಿಗೆ ನಡೆಯಿರಿ, ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಪತ್ರದ ಪ್ರತಿಗೆ ಪಿನ್ ಹೊಡೆದಿಡಿ. ಆ ತಾರೀಖಿನಿಂದಲೇ ಮುಂದಿನ ಲೆಕ್ಕ ಶುರು.

ನಡುವೆ ಒಂದು ಮಾತು. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಲೇಬೇಡಿ. 177 ರೂಪಾಯಿ ಕೇಳಲು ಹೋಗಿ ಒಟಿಪಿ ಕೊಟ್ಟು ಖಾತೆಯನ್ನೇ ಖಾಲಿ ಮಾಡಿಕೊಂಡವರಿದ್ದಾರೆ. ನಂಬರು ಪಾಸ್‌ಬುಕ್ ಅಥವಾ ಕಾರ್ಡಿನ ಹಿಂದೆಯೇ ಇರುತ್ತದೆ. ರೀಫಂಡ್ ಮಾಡಿಸಿಕೊಡುತ್ತೇನೆ ಎಂದು ಕಮಿಷನ್ ಕೇಳುವವರನ್ನೂ ದೂರ ಇಡಿ.

ಕ್ರೆಡಿಟ್ ಕಾರ್ಡಿಗೂ ಇದೇ ಪತ್ರ ನಡೆಯುತ್ತದೆ, ಇಮೇಲ್‌ನಲ್ಲಿ ಕಳಿಸಿದರೆ ಸಾಕು. ಕೇಳದೆ ಕಾರ್ಡ್ ಕೊಟ್ಟು ಶುಲ್ಕ ಹಾಕಿದ್ದರೆ ಅದನ್ನು ವಾಪಸ್ ಮಾಡುವುದಲ್ಲದೆ ಅದರ ಎರಡು ಪಟ್ಟು ದಂಡವನ್ನೂ ಅವರೇ ಕೊಡಬೇಕು. ಕೊನೇ ದಿನ ಕಳೆದು ಮೂರು ದಿನ ದಾಟದೆ ಲೇಟ್ ಫೀ ಹಾಕುವಂತಿಲ್ಲ. ಬಾಕಿ ಇಲ್ಲದ ಕಾರ್ಡ್ ಕ್ಲೋಸ್ ಮಾಡಿ ಎಂದರೆ ಏಳು ಕೆಲಸದ ದಿನದಲ್ಲಿ ಮಾಡಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿ. ಇವೆಲ್ಲ ರಿಸರ್ವ್ ಬ್ಯಾಂಕಿನದೇ ನಿಯಮಗಳು. ಇನ್ನು ಫೋನಿನಲ್ಲಿ ತಗುಲಿಹಾಕುವ "ಕಾರ್ಡ್ ಪ್ರೊಟೆಕ್ಷನ್ ಪ್ಲಾನ್" ನನ್ನ ಮಟ್ಟಿಗೆ ಸುಮ್ನೆ ಖರ್ಚು. ಕಳೆದ ಕಾರ್ಡನ್ನು ಬ್ಲಾಕ್ ಮಾಡಲು ಒಂದು ಫೋನ್ ಸಾಕು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

30 ದಿನ ಕಾಯಿರಿ. ಉತ್ತರ ಬರಲಿಲ್ಲ, ಅಥವಾ ಬಂದದ್ದು ಹಾರಿಕೆ ಉತ್ತರ ಅಂದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಿ. ಶುಲ್ಕ ಇಲ್ಲ, ವಕೀಲರೂ ಬೇಡ. ಸಿಎಂಎಸ್ ಎಂಬ ಅವರ ಜಾಲತಾಣದಲ್ಲಿ ಹಾಕಬಹುದು, ಅಂಚೆಯಲ್ಲಾದರೆ ವಿಳಾಸ: ಭಾರತೀಯ ರಿಸರ್ವ್ ಬ್ಯಾಂಕ್, 4ನೇ ಮಹಡಿ, ಸೆಕ್ಟರ್ 17, ಚಂಡೀಗಢ 160017. ಗೊತ್ತಾಗದಿದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಹೇಳುತ್ತಾರೆ. ಬ್ಯಾಂಕಿಗೆ ಬರೆದು ಕೊಟ್ಟ ದೂರಿನ ಪ್ರತಿ ಇಲ್ಲದೆ ಇಲ್ಲಿಗೆ ಬಂದರೆ ಮೊದಲ ಹೆಜ್ಜೆಯಲ್ಲೇ ವಾಪಸ್ ಕಳಿಸುತ್ತಾರೆ. ಆ ಸೀಲು ಬೇಕಿದ್ದದ್ದು ಇದಕ್ಕೇ.

ಅತ್ತೆಯದು ಅಲ್ಲಿವರೆಗೆ ಹೋಗಲಿಲ್ಲ. ಮೊದಲ ಎರಡು ವರ್ಷದ್ದಕ್ಕೆ ಬ್ಯಾಂಕಿನವರು ಎಸ್ಸೆಮ್ಮೆಸ್ ಕಳಿಸಿದ ಪಟ್ಟಿ ತೋರಿಸಿದರು. ಕಳಿಸಿದ್ದು ಮಾವ ಯಾವತ್ತೋ ಬಿಟ್ಟ ನಂಬರಿಗೆ, ಬದಲಾಯಿಸದೇ ಇದ್ದದ್ದು ನಮ್ಮ ತಪ್ಪು. ಕೊನೇ ವರ್ಷ ಖಾತೆ ನಿಷ್ಕ್ರಿಯವಾಗಿತ್ತಲ್ಲ, ಆ ನಾಲ್ಕು ಸಾಲಿಗೆ ಅವರ ಬಳಿ ಉತ್ತರ ಇರಲಿಲ್ಲ. 600 ರೂಪಾಯಿ ವಾಪಸ್ ಬಂತು. ಜಿಎಸ್‌ಟಿಯ 108 ಬರಲಿಲ್ಲ. ಅದೊಂದಕ್ಕೇ ಇನ್ನೊಂದು ಪತ್ರ, ಇನ್ನೊಂದು ಸೀಲು. ಅದೂ ಬಂದ ದಿನವೇ ಅತ್ತೆ ಆ ಖಾತೆ ಕ್ಲೋಸ್ ಮಾಡಿಸಿ, ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ಆಲೂರಿನ ಬಸ್ಸು ಹತ್ತಿದರು.