ನಾನೂರು ಗಾಬ್ಲಿನ್ ಲೆಕ್ಕ

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ ಸಾಹಸದಾಟ ಆಡೋಕೆ ಶುರು ಮಾಡಿದ ಸ್ವಲ್ಪ ದಿನಕ್ಕೇ ನನಗೆ ಅದರ ಹಳೇ ಕಥೆ ತಿಳಿಯುವ ಹುಚ್ಚು ಹಿಡಿಯಿತು. ಇತಿಹಾಸ ಅಂದಮೇಲೆ ಮೊದಲಿಂದ ಓದಬೇಕು ಅಲ್ವಾ ಅಂತ 1974ರ ಮೂಲ ಆವೃತ್ತಿಯನ್ನೇ ಹಿಡಿದೆ. ಮೂರೇ ಸಣ್ಣ ಪುಸ್ತಿಕೆ. ತಲೆಬುಡ ಅರ್ಥವಾಗಲಿಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ಬರೆದದ್ದು ಯುದ್ಧದಾಟಗಳಲ್ಲಿ ಆಗಲೇ ಪಳಗಿದವರಿಗೆ. ಹೊಡೆದಾಟಕ್ಕೆ 1971ರ ಚೈನ್‌ಮೇಲ್ ಅನ್ನೋ ಯುದ್ಧದಾಟದ ನಿಯಮ ನಿಮ್ಮ ಹತ್ತಿರ ಇದ್ದೇ ಇರುತ್ತೆ ಅನ್ನೋ ಧಾಟಿ, ಕಾಡುಮೇಡು ಸುತ್ತೋದಕ್ಕೆ ಬೇರೆ ಕಂಪನಿಯ ಬೋರ್ಡ್ ಗೇಮ್ ತಂದಿಟ್ಟುಕೊಳ್ಳಿ ಅನ್ನೋ ಸಲಹೆ ಬೇರೆ!

ಅದನ್ನು ಬದಿಗಿಟ್ಟು ಹೊಸಬರಿಗಾಗಿಯೇ ಬಂದ 1981ರ ಬೇಸಿಕ್ ಆವೃತ್ತಿ ತೆಗೆದೆ, ಟಾಮ್ ಮೋಲ್ಡ್‌ವೇ ಸಂಪಾದಿಸಿದ್ದು. 64 ಪುಟ, ಪಾತ್ರಗಳು ಮೂರನೇ ಲೆವೆಲ್ ಏರುವವರೆಗೆ ಮಾತ್ರ. ಹೊಸಬರು ಕೇಳಿದರೆ ಈಗಲೂ ಇದನ್ನೇ ಹೇಳುತ್ತೇನೆ. ಆದರೆ ಸುಮ್ನೆ ಓದಬೇಡಿ, ಒಂದು ಸಲ ಆಡಿ.

ನಾವು ಆಡಿದೆವು. ನನ್ನ ಮಂತ್ರವಾದಿಗೆ ಸಿಕ್ಕಿದ್ದು ಎರಡು ಹಿಟ್ ಪಾಯಿಂಟ್ (ಜೀವದ ಅಂಕ), ಒಂದು ಮಂತ್ರ. ಮೊದಲ ಕೋಣೆಯಲ್ಲೇ ಒಂದು ಬಾಣ ತಾಗಿ ಸತ್ತ, ಆ ಒಂದು ಮಂತ್ರ ಹಾಗೇ ಉಳಿಯಿತು. ಅಷ್ಟರಲ್ಲಿ ಫೈಟರ್, ಅಂದರೆ ಯೋಧನ ಪಾತ್ರ ಆಡುತ್ತಿದ್ದವನು ಗಾಬ್ಲಿನ್ ಅನ್ನೋ ಪುಟ್ಟ ರಾಕ್ಷಸರನ್ನು ಕೊಂದರೆ ಬರುವ ಎಕ್ಸ್‌ಪಿಯ (ಲೆವೆಲ್ ಏರಲು ಬೇಕಾದ ಅನುಭವದ ಅಂಕ) ಲೆಕ್ಕ ಹಾಕಿದ: "ಒಂದು ಗಾಬ್ಲಿನ್‌ಗೆ ಐದು ಎಕ್ಸ್‌ಪಿ, ಎರಡನೇ ಲೆವೆಲ್‌ಗೆ ಎರಡು ಸಾವಿರ. ಏನ್ರೋ, ಒಬ್ಬನೇ ಕಡಿದರೂ ನಾನೂರು ಗಾಬ್ಲಿನ್ ಆಯ್ತಲ್ಲ!" ಆಟ ನಡೆಸುವ ಡಿಎಂ ನಗುತ್ತಾ ಪುಸ್ತಕ ತಿರುಗಿಸಿ ತೋರಿಸಿದ. ಜೀವಂತವಾಗಿ ಹೊರಗೆ ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದು ಎಕ್ಸ್‌ಪಿ. ಅಲ್ಲಿಂದ ನಾವು ಆಡುವ ರೀತಿಯೇ ಬದಲಾಯಿತು. ಮುಂದಿನ ಗಾಬ್ಲಿನ್ ಗುಂಪು ಎದುರಾದಾಗ ಯಾರೂ ಕತ್ತಿ ಎಳೆಯಲಿಲ್ಲ. ಡಿಎಂ ಅವುಗಳ ಮನಸ್ಸು ಹೇಗಿದೆ ಅಂತ ಎರಡು ದಾಳ ಉರುಳಿಸಿದ, ಹತ್ತು ಬಿತ್ತು, ಅಂದರೆ ಅವಕ್ಕೆ ಜಗಳದ ಮನಸ್ಸಿಲ್ಲ, ನಮ್ಮ ಊಟದ ಗಂಟು ಕೊಟ್ಟು ದಾರಿ ಬಿಡಿಸಿಕೊಂಡೆವು.

ಆ ಒಂದು ನಿಯಮವನ್ನೇ ಹಿಡಿದು ಮುಂದೆ ಹೋದೆ. 1989ರ ಎರಡನೇ ಆವೃತ್ತಿಯಲ್ಲಿ ಚಿನ್ನಕ್ಕೆ ಎಕ್ಸ್‌ಪಿ ಅನ್ನೋದು ಬೇಕಿದ್ದರೆ ಬಳಸಿ ಅನ್ನುವ ಮಟ್ಟಕ್ಕೆ ಇಳಿದಿತ್ತು. 1997ರಲ್ಲಿ ಮೂಲ ಪ್ರಕಾಶಕರಾದ ಟಿಎಸ್‌ಆರ್ ಅನ್ನು ವಿಜರ್ಡ್ಸ್ ಆಫ್ ದ ಕೋಸ್ಟ್ ಕೊಂಡುಕೊಂಡಿತು. 2000ದ ಮೂರನೇ ಆವೃತ್ತಿ ಬರುವಷ್ಟರಲ್ಲಿ ಎಕ್ಸ್‌ಪಿ ಬರೋದು ಎದುರಾಳಿಗಳನ್ನು ಸೋಲಿಸಿದ್ದಕ್ಕೆ. ಆಟದಲ್ಲಿ ಹೊಡೆದಾಟ ಯಾಕೆ ಜಾಸ್ತಿ ಆಯ್ತು ಅಂತ ಅರ್ಧ ಉತ್ತರ ನನಗೆ ಇಲ್ಲೇ ಸಿಕ್ಕಿತು. 2008, 2014ರ ಆವೃತ್ತಿಗಳನ್ನು ನಾನು ಓದಿದ್ದು ಆಮೇಲೆ.

ಕೊನೆಗೆ ಮತ್ತೆ ಆ ಮೂರು ಪುಸ್ತಿಕೆಗೆ ಬಂದೆ. ಚಿನ್ನದ ನಿಯಮ ಅಲ್ಲೂ ಇತ್ತು, ಮೊದಲ ಸಲ ಕಣ್ಣಿಗೇ ಬಿದ್ದಿರಲಿಲ್ಲ.