ಹಳ್ಳಕ್ಕಿಂತ ಮೊದಲು ಕಟ್ಟಿದ ಸಂಕ

ಮೊದಲೇ ಹೇಳಿಬಿಡುತ್ತೇನೆ, ನಾನು ಬಡಗಿ ಅಲ್ಲ. ಸಾಗರದ ಹತ್ತಿರ ಒಂದಿಷ್ಟು ಅಡಿಕೆ ತೋಟ, ಅಟ್ಟದ ಮೇಲೆ ಒಂದು ಪುಟ್ಟ ಮಾದರಿ ರೈಲು, ಅದಕ್ಕೊಂದು ಮರದ ಸೇತುವೆ, ಅಷ್ಟೇ. ಮಳೆಗಾಲದಲ್ಲಿ ಔಷಧಿ ಹೊಡೆದು ಮುಗಿದ ಮೇಲೆ ಅಟ್ಟ ಹತ್ತಿದರೆ ಊಟಕ್ಕೆ ಕರೆದಾಗಲೇ ಇಳಿಯುವುದು.

ಈ ಹುಚ್ಚು ಹಿಡಿಸಿದ್ದು ಅಜ್ಜ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಿದ್ದ ಟ್ರಾಮ್ ಗಾಡಿಯ ಕಥೆ ಹೇಳುತ್ತಿದ್ದರು. ಎರಡು ಹಳಿಗಳ ನಡುವೆ ಬರೀ 2 ಅಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದಿರು ಕರಗಿಸಲು ಬಳಸಿದ್ದು ಇದ್ದಿಲು, ಅದಕ್ಕೆ ಬೇಕಾದ ಸೌದೆ ಕಾಡಿನಿಂದ ಇಂಥದೇ ಸಣ್ಣ ಹಳಿ ಮೇಲೆ ಬರುತ್ತಿತ್ತು. ಆದರೆ ಮರದ ಟ್ರೆಸಲ್, ಅಂದರೆ ಸಾಲು ಸಾಲು ಕಂಬಗಳ ಮೇಲೆ ನಿಲ್ಲುವ ಸೇತುವೆಯ ಆಸೆ ಹುಟ್ಟಿದ್ದು ಅಮೆರಿಕದ ಕೊಲೊರಾಡೊ ಗುಡ್ಡಗಳ 3 ಅಡಿ ಹಳಿಯ ರೈಲುಗಳ ಫೋಟೋ ನೋಡಿ. ಅಲ್ಲೇ ಕಡಿದ ಮರ, ಬೇಗ ಮುಗಿಯುವ ಕೆಲಸ, ಮುಂದೆ ಕೈಯಲ್ಲಿ ದುಡ್ಡು ಓಡಾಡಿದಾಗ ಸುತ್ತ ಮಣ್ಣು ತುಂಬಿಸಿ ಏರಿ ಮಾಡಿದರೂ ಆಯ್ತು. ನಂದು ಎರಡರ ಕಲಬೆರಕೆ. 48ಕ್ಕೆ 1ರ ಅಳತೆ, ಅಂದರೆ ಅಸಲಿನ 48 ಅಡಿ ಇಲ್ಲಿ 1 ಅಡಿ, ಹಳಿಗಳ ನಡುವೆ 16.5 ಮಿ.ಮೀ. ಲೆಕ್ಕ ಹಾಕಿದರೆ ಎರಡೂವರೆ ಅಡಿಗಿಂತ ಚೂರು ಜಾಸ್ತಿ ಬರುತ್ತದೆ, ಅಜ್ಜನದೂ ಅಲ್ಲ ಕೊಲೊರಾಡೊದ್ದೂ ಅಲ್ಲ. ಆ ಅಳತೆಗೆ ಎಂಜಿನ್ ಸಿಗುತ್ತದೆ, ಹಾಗಾಗಿ ಒಪ್ಪಿಕೊಂಡೆ.

ಮೊದಲ ಸಲ ಕೆಟ್ಟಿದ್ದು ಎಲ್ಲಿ ಅಂದರೆ, ನಾನು ಹಳ್ಳ ಮೊದಲು ಮಾಡಿದೆ. ಥರ್ಮೋಕೋಲ್, ಮಣ್ಣು, ಕಲ್ಲು ಎಲ್ಲ ಚೆಂದವಾಗಿ ಕೂರಿಸಿ, ಆಮೇಲೆ ಒಂದೊಂದು ಜಾಗಕ್ಕೂ ಆಳ ಅಳೆದು ಕಾಲು ಮಾಡಿದೆ. ಕಂಬಗಳ ಒಂದು ಚೌಕಟ್ಟಿಗೆ ಬೆಂಟ್ ಅನ್ನುತ್ತಾರೆ, ನಾನು ಕಾಲು ಅಂತಲೇ ಕರೆಯುತ್ತೇನೆ. ಹನ್ನೊಂದು ಕಾಲು, ಹನ್ನೊಂದರ ತಲೆಯೂ ಒಂದೊಂದು ಮಟ್ಟ, ಎರಡು ಮೂರು ಮಿ.ಮೀ. ಹೆಚ್ಚುಕಮ್ಮಿ. ಮೇಲೆ ಗಾಡಿ ಬಿಟ್ಟರೆ ಕೆಸರು ಗದ್ದೆಯಲ್ಲಿ ಎಮ್ಮೆ ನಡೆದ ಹಾಗೆ ಓಲಾಡಿಕೊಂಡು ಹೋಗಿ ಮಧ್ಯದಲ್ಲಿ ಬಿತ್ತು.

ಎರಡನೇ ಸಲ ಪೂರ್ತಿ ತಲೆಕೆಳಗು ಮಾಡಿದೆ, ನಿಜವಾಗಿಯೂ ತಲೆಕೆಳಗು. ಸಪಾಟಾದ ಪ್ಲೈವುಡ್ ಮೇಲೆ 60 ಸೆಂ.ಮೀ. ತ್ರಿಜ್ಯದ ವೃತ್ತದ ನಾಲ್ಕನೇ ಒಂದು ಭಾಗ ಬರೆದು, ಅದರ ಮೇಲೆ ಸ್ಲೀಪರ್ (ಹಳಿಯಡಿಯ ಅಡ್ಡಪಟ್ಟಿ), ಸ್ಲೀಪರ್ ಮೇಲೆ ತೊಲೆ, ತೊಲೆ ಮೇಲೆ ಕಾಲುಗಳನ್ನು ಉಲ್ಟಾ ನಿಲ್ಲಿಸಿ ಮೂಲೆಮಟ್ಟ ಹಿಡಿದು ಅಂಟಿಸಿದೆ. ಹಳಿ ಕೂರುವ ಮೈ ಪ್ಲೈವುಡ್ಡಿಗೆ ಒತ್ತಿಕೊಂಡೇ ಇರುವುದರಿಂದ ಮಟ್ಟ ತಪ್ಪುವ ಮಾತೇ ಇಲ್ಲ. ಒಣಗಿದ ಮೇಲೆ ತಿರುಗಿಸಿ ಎರಡು ತುದಿಯಲ್ಲಿ ಕೂರಿಸಿ, ಗಾಳಿಯಲ್ಲಿ ನೇತಾಡುವ ಪಾದಗಳ ತನಕ ನೆಲವನ್ನೇ ಏರಿಸಿಕೊಂಡು ಬರಬೇಕು. ಮರ ಕೊಯ್ದುಕೊಟ್ಟ ಆಚಾರ್ರು ಒಂದು ದಿನ ಅಟ್ಟ ಹತ್ತಿ ನೋಡಿ, "ಎಂಥ ಮಾರಾಯ್ರೇ, ಹಳ್ಳ ಬರೋಕೆ ಮುಂಚೆ ಸಂಕ ಹಾಕಿದ್ರಾ?" ಅಂದರು. ನಮ್ಮ ಕಾಲುಸಂಕ ಎರಡು ದಡ ನೋಡಿಕೊಂಡು ಹಾಕುವಂಥದ್ದು, ಅವರಿಗೆ ಇದು ವಿಚಿತ್ರವೇ.

ಕಾಲುಗಳಿಗೆ ಹನ್ನೊಂದು ನಕ್ಷೆ ಬೇಡ. ಎಲ್ಲಕ್ಕಿಂತ ಎತ್ತರದ ಕಾಲಿನದು ಒಂದೇ ಸಾಕು, ನಂದು 28 ಸೆಂ.ಮೀ. ನಡುವಿನ ಎರಡು ಕಂಬ ನೆಟ್ಟಗೆ, ಹೊರಗಿನ ಎರಡು ಕಂಬ ಆರು ಸೆಂ.ಮೀ. ಇಳಿದರೆ ಒಂದು ಸೆಂ.ಮೀ. ಹೊರಕ್ಕೆ ಓರೆ. ಗಿಡ್ಡ ಕಾಲು ಬೇಕಾದರೆ ಅದೇ ನಕ್ಷೆಯ ಮೇಲೆ ಕಟ್ಟಿ ಕೆಳಗೆ ಕಮ್ಮಿ ಮಾಡಿದರಾಯ್ತು, ತಲೆ ಎಲ್ಲದಕ್ಕೂ ಒಂದೇ. 12 ಇಂಚಿನ ಕಂಬ ಈ ಅಳತೆಗೆ 6 ಮಿ.ಮೀ. ಚಿಲ್ಲರೆ, ನಾನು 6 ಅಂತಲೇ ಇಟ್ಟುಕೊಂಡೆ. ಕಾಲಿಂದ ಕಾಲಿಗೆ 95 ಮಿ.ಮೀ., ಅಂದರೆ ಅಸಲಿನ 15 ಅಡಿ. ಮರ ಶಿವನೆ. ನಮ್ಮ ಕಡೆ ಕೆತ್ತನೆಯವರು ಬಳಸುತ್ತಾರಲ್ಲ, ಅದೇ. ಮೆದು, ಸಣ್ಣ ಕಡ್ಡಿ ಮಾಡಿದರೂ ಸೀಳುವುದಿಲ್ಲ. ಸಾಗುವಾನಿ ತುಂಡು ಪುಕ್ಕಟೆ ಸಿಕ್ಕಿತ್ತು, ಅದರ ಎಳೆಯೇ ದೊಡ್ಡದಾಗಿ ಕಂಡು ಅಳತೆಯ ಭ್ರಮೆ ಹಾಳಾಯಿತು.

ತಿರುವಿನಲ್ಲಿ ತೊಲೆ ಬಗ್ಗಿಸಲು ಹೋಗಬೇಡಿ. ಅಸಲಿ ಸೇತುವೆಯಲ್ಲೂ ತೊಲೆ ಕಾಲಿಂದ ಕಾಲಿಗೆ ನೇರವಾಗಿಯೇ ಇರುತ್ತದೆ, ತಿರುಗುವುದು ಅದರ ಮೇಲಿನ ಹಳಿ. ನನ್ನ ತಿರುವಿಗೆ ತೊಲೆಯ ನಡುವೆ ಹಳಿ ಸರಿಯುವುದು ಹೆಚ್ಚೆಂದರೆ 2 ಮಿ.ಮೀ., ಸ್ಲೀಪರ್ ಅಷ್ಟನ್ನು ನುಂಗಿಕೊಳ್ಳುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಜಂಬ ಇದೆ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ನೀರು, ಚೊಗರು! ಕೊನೆ ಕೊಯ್ಲು ಮುಗಿದಾಗ ಒಂದು ಬಾಟಲಿ ಎತ್ತಿಟ್ಟುಕೊಳ್ಳುತ್ತೇನೆ. ಕಡ್ಡಿಗಳನ್ನು ತೆಳು ಚೊಗರಿನಲ್ಲಿ ಅದ್ದಿ ಒಣಗಿಸಿ, ಮೇಲೆ ತುಕ್ಕು ಮೊಳೆ ವಾರಗಟ್ಟಲೆ ನೆನೆಸಿದ ವಿನೆಗರ್ ಸವರಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಚೊಗರಿನ ಒಗರು ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು, ಹಳೇ ಕಾಲದ ಶಾಯಿಯ ಗುಟ್ಟೂ ಇದೇ. ವಿನೆಗರ್ ತೆಳು ಮಾಡಿದರೆ ಹತ್ತು ಮಳೆಗಾಲ ಕಂಡ ಬೇಲಿ ಗೂಟದ ಬೂದು ಬರುತ್ತದೆ. ಒದ್ದೆ ಕಡ್ಡಿ ಹಾಗೇ ಬಿಟ್ಟರೆ ಬಾಗುತ್ತದೆ, ಕಟ್ಟು ಕಟ್ಟಿ ನೆರಳಲ್ಲಿ ಭಾರ ಹೇರಿ ಒಣಗಿಸಿ. ಮತ್ತೆ ಇದೆಲ್ಲ ಅಂಟಿಸುವ ಮೊದಲೇ ಆಗಬೇಕು, ಫೆವಿಕಾಲ್ ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ, ಬಿಳಿಚಿಕೊಂಡ ಕಲೆ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಬೋಲ್ಟಿನ ತಲೆಗೆ ರಾಗಿ ಕಾಳು. ಒಂದೂವರೆ ಮಿ.ಮೀ. ಇರುತ್ತದೆ, ಅಂದರೆ ಸುಮಾರು 3 ಇಂಚಿನ ವಾಷರ್. ಸಾಸಿವೆ ದಪ್ಪ ಆಯಿತು. ಮೊದಲ ಸಲ ವಾರ್ನಿಶ್ ಹೊಡೆಯದೆ ಬಿಟ್ಟೆ, ಎರಡೇ ರಾತ್ರಿಯಲ್ಲಿ ಇರುವೆಗಳು ಬೋಲ್ಟ್ ಬಿಚ್ಚಿಕೊಂಡು ಹೋದವು.

ಇಷ್ಟೆಲ್ಲ ಆದ ಮೇಲೂ ಫೆಬ್ರವರಿಯಲ್ಲಿ ಹಳಿ ಹಾವಿನ ಹಾಗೆ ಸೊಟ್ಟಗಾಯಿತು. ತಪ್ಪು ಮೇಜಿನದು. ಹಳೇ ಮನೆಯ ಹಲಗೆಗಳನ್ನು ಅಡ್ಡಡ್ಡ ಜೋಡಿಸಿ ಅಂಟಿಸಿದ್ದೆ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲ ಅನ್ನುವಷ್ಟು ಕಮ್ಮಿ, ಅಗಲಕ್ಕೆ ಮಾತ್ರ ಜೋರು. ಆಷಾಢದಲ್ಲಿ ಉಬ್ಬಿಕೊಂಡಿದ್ದ ಮೇಜಿನ ಮೇಲೆ ಒಂಚೂರೂ ಸಂದಿ ಬಿಡದೆ ಹಳಿ ಹಾಕಿದ್ದೆ, ಬಿಸಿಲಿಗೆ ಮೇಜು ಕುಗ್ಗಿತು, ಹಳಿ ಎಲ್ಲಿಗೆ ಹೋಗಬೇಕು? ಹಲಗೆ ತೆಗೆದು ಪ್ಲೈವುಡ್ ಹಾಕಿದೆ. ಸೇತುವೆಯ ಒಂದು ತುದಿಯನ್ನು ಅಂಟಿಸಿ ಇನ್ನೊಂದನ್ನು ಸುಮ್ನೆ ಕೂರಿಸಿದೆ, ಅಲ್ಲಿ ಹಳಿಗೆ ಸಂದಿ ಬಿಟ್ಟೆ. ಪ್ಲೈವುಡ್ಡೂ ಅಲುಗಾಡದೆ ಇರುವುದಿಲ್ಲ. ಈಗ ಜಡಿಮಳೆ, ಆ ಸಂದಿಯಲ್ಲಿ ಎರಡು ಪೋಸ್ಟ್ ಕಾರ್ಡ್ ತೂರುತ್ತದೆ. ಶಿವರಾತ್ರಿ ಹೊತ್ತಿಗೆ ಒಂದೇ, ಅದೂ ಬಿಗಿಯಾಗಿ.