ವರ್ಣಚಿತ್ರಕ್ಕಾಗಿ ನಾಯಕರ ಫೋಟೊ ತೆಗೆಯುವಾಗ

ಸಭಾಂಗಣದ ಗೋಡೆಗೆ ತೈಲವರ್ಣದ ಭಾವಚಿತ್ರ ಆಗಬೇಕು, ಆದರೆ ಸಾಹೇಬರಿಗೆ ಕಲಾವಿದರೆದುರು ಗಂಟೆಗಟ್ಟಲೆ ಕೂರಲು ಪುರಸೊತ್ತಿಲ್ಲ. ಆಗ ಫೋಟೊವೇ ಆಧಾರ. ಇದು ಫ್ಲೆಕ್ಸಿಗೆ ಹೋಗುವ ಫೋಟೊ ಅಲ್ಲ. ಅಲ್ಲಿ ಮುಖ ಬೆಳ್ಳಗೆ ಮಿಂಚಿದರೆ ಸಾಕು. ಬಣ್ಣ ಹಚ್ಚುವವರಿಗೆ ಕೆನ್ನೆ ಎಲ್ಲಿ ತಿರುಗುತ್ತದೆ, ಗದ್ದದ ಕೆಳಗಿನ ನೆರಳಿನಲ್ಲಿ ಏನಿದೆ ಎಂಬುದು ಕಾಣಬೇಕು. ಎದುರಿನಿಂದ ಫ್ಲಾಶ್ ಹೊಡೆದರೆ ಎರಡೂ ಅಳಿಸಿಹೋಗುತ್ತವೆ.

ಬೆಳಕು ಒಂದೇ ಕಡೆಯಿಂದ ಬರಲಿ. ಐಬಿಯಲ್ಲೋ ಮನೆಯಲ್ಲೋ ದೊಡ್ಡ ಕಿಟಕಿಯ ಕೋಣೆ ಹುಡುಕಿ, ಟ್ಯೂಬ್‌ಲೈಟು, ಎಲ್‌ಇಡಿ ಎಲ್ಲವನ್ನೂ ಬಂದ್ ಮಾಡಿಸಿ. ಕಿಟಕಿಯಿಂದ ನಾಲ್ಕೈದು ಅಡಿ ದೂರಕ್ಕೆ ಕುರ್ಚಿ ಹಾಕಿ, ಬೆಳಕು ಸುಮಾರು 45 ಡಿಗ್ರಿ ಓರೆಯಾಗಿ ಮುಖಕ್ಕೆ ಬೀಳಲಿ. ಕಿಟಕಿಯ ಕೆಳಗಿನ ಅರ್ಧಕ್ಕೆ ದಪ್ಪ ಬಟ್ಟೆ ಕಟ್ಟಿದರೆ ಬೆಳಕು ಮೇಲಿನಿಂದ ಇಳಿದು ಹುಬ್ಬು, ಮೂಗಿನ ಆಕಾರ ಸ್ಪಷ್ಟವಾಗುತ್ತದೆ.

ನೇರ ಬಿಸಿಲು ಬಿದ್ದರೆ ನೆರಳು ಗಡುಸಾಗುತ್ತದೆ ಎಂದು ಉತ್ತರದ ಕಿಟಕಿಯನ್ನೇ ಆರಿಸುವುದುಂಟು. ಆ ಕಿಟಕಿಗೆ ಬಿಸಿಲೇ ಬರದು ಎಂಬ ಮಾತನ್ನು ನಮ್ಮಲ್ಲಿ ಪೂರ್ತಿ ನಂಬಬೇಡಿ. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯನೂ ಉತ್ತರಕ್ಕೇ ವಾಲಿರುತ್ತಾನೆ. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ, ಮೇ ತಿಂಗಳಲ್ಲಿ ಮಾತ್ರ ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಲೇಬೇಕು.

ಮಲೆನಾಡಿನಲ್ಲಿ ಎಲ್ಲರೂ ಎಡವುವುದು ಹಸಿರಿನ ವಿಷಯದಲ್ಲಿ. ಜಗುಲಿಯಲ್ಲಿ ಕೂರಿಸಿದರೆ ಎದುರಿನ ಅಡಿಕೆ ತೋಟದ ಬಣ್ಣ ಗದ್ದದಡಿಗೂ ಬಿಳಿ ಅಂಗಿಯ ಮಡಿಕೆಗೂ ಹತ್ತುತ್ತದೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಕ್ಯಾನ್ವಾಸಿಗೆ ಬಂದಾಗ ಮುಖ ಕಾಯಿಲೆ ಬಿದ್ದಂತೆ ಕಾಣುತ್ತದೆ. ಒಳಗೇ ಕೂರಿಸಿ. ಮೊದಲ ಫೋಟೊದಲ್ಲಿ 18 ಶೇಕಡಾದ ಗ್ರೇ ಕಾರ್ಡನ್ನು (ಬಣ್ಣ ಹೊಂದಿಸಲು ಬಳಸುವ ಬೂದು ರಟ್ಟು) ಮುಖದ ಪಕ್ಕ ಹಿಡಿಸಿ, ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬೇಡಿ. 1972ರಲ್ಲಿ ತೀರಿಕೊಂಡ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರಂಥವರನ್ನು ಕಪ್ಪು-ಬಿಳುಪು ಫೋಟೊ ನೋಡಿ ಬರೆಯುವವರು ಮೈಬಣ್ಣವನ್ನು ಊಹಿಸಿಕೊಳ್ಳಬೇಕು. ಇರುವವರ ಬಣ್ಣವನ್ನಾದರೂ ಸರಿಯಾಗಿ ಹಿಡಿದಿಡೋಣ.

ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಕ್ಕೆ 85 ಮಿ.ಮೀ. ಲೆನ್ಸ್, ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರ್‌ಗೆ 50. ಏಳೆಂಟು ಅಡಿ ದೂರ ನಿಲ್ಲಿ. ಎರಡಡಿ ಹತ್ತಿರದಿಂದ ಮೊಬೈಲಿನಲ್ಲಿ ತೆಗೆದರೆ ಮೂಗು ಉಬ್ಬಿ ಕಿವಿ ಹಿಂದೆ ಸರಿಯುತ್ತದೆ. ಕಲಾವಿದರು ಆ ತಪ್ಪನ್ನೇ ನಿಷ್ಠೆಯಿಂದ ಬರೆಯುತ್ತಾರೆ. ಟ್ರೈಪಾಡ್ ಹಾಕಿ, ಲೆನ್ಸಿನ ಕಿಂಡಿ (ಅಪರ್ಚರ್) ಎಫ್/8, ಕ್ಯಾಮೆರಾ ಕುಗ್ಗಿಸದ ಮೂಲ ಫೈಲ್, ಅಂದರೆ ರಾ ಫೈಲ್. ಮಳೆಗಾಲದ ಮಂದ ಬೆಳಕಿನಲ್ಲಿ ಸೆನ್ಸರಿನ ಸಂವೇದನೆಯನ್ನು ಐಎಸ್‌ಒ 800ಕ್ಕೆ ಏರಿಸಿದರೂ ಪರವಾಗಿಲ್ಲ, ಶಟರ್ 1/60 ಸೆಕೆಂಡಿಗಿಂತ ನಿಧಾನವಾದರೆ ಕಣ್ಣು ಅಲುಗುತ್ತದೆ. ಚಿತ್ರ ಎತ್ತರದಲ್ಲಿ ತೂಗುವುದಾದರೆ ಕ್ಯಾಮೆರಾ ಎದೆಯ ಮಟ್ಟಕ್ಕಿರಲಿ.

ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಖಾದಿ, ಕಂದು ಮುಖ: ಒಂದೇ ಎಕ್ಸ್‌ಪೋಷರಿನಲ್ಲಿ ಎರಡನ್ನೂ ಹಿಡಿಯುವುದು ಕಷ್ಟ. ಅಂಗಿಯ ಮಡಿಕೆ ಸುಟ್ಟುಹೋಗದಂತೆ ಒಂದು ಸರಣಿ ತೆಗೆಯಿರಿ, ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚಿಸಿ ಮುಖದ ನೆರಳಿಗಾಗಿ ಇನ್ನೊಂದು. ನೆರಳು ತೀರಾ ಕಪ್ಪಾದರೆ ಆ ಪಕ್ಕಕ್ಕೆ ಥರ್ಮಾಕೋಲ್ ಹಾಳೆ ಹಿಡಿಯಿರಿ, ಮೂರಡಿಗಿಂತ ಹತ್ತಿರ ತರಬೇಡಿ.

ಕನ್ನಡಕದ ಮೇಲೆ ಕಿಟಕಿ ಹೊಳೆದರೆ ಕಡ್ಡಿಗಳನ್ನು ಕಿವಿಯಿಂದ ಚೂರು ಮೇಲೆತ್ತಿಸಿ, ಗಾಜು ಕೆಳಮುಖವಾಗಿ ಹೊಳಪು ಜಾರುತ್ತದೆ. ಕನ್ನಡಕ ತೆಗೆದೂ ನಾಲ್ಕು ಫೋಟೊ ಇರಲಿ. ಮೈನಸ್ ಪವರ್ ಗಾಜಿನೊಳಗೆ ಕೆನ್ನೆಯ ಅಂಚು ಒಳಕ್ಕೆ ಸರಿದಂತೆ ಕಾಣುವುದರಿಂದ ಎರಡೂ ಬೇಕಾಗುತ್ತವೆ.

ಕೈಗಳನ್ನು ಮರೆಯಬೇಡಿ. ಉಂಗುರ, ವಾಚು, ಬೆರಳ ಗೆಣ್ಣು, ಕುರ್ಚಿಯ ತೋಳಿನ ಮೇಲೆ ಅಂಗೈ ಒತ್ತಿದ ರೀತಿ, ಎಲ್ಲವನ್ನೂ ಅದೇ ಬೆಳಕಿನಲ್ಲಿ ಬೇರೆಯಾಗಿ ತೆಗೆಯಿರಿ. ಶಾಲಿನ ಅಂಚಿಗೂ ಒಂದು ಹತ್ತಿರದ ಫೋಟೊ ಬೇಕು.

ಸಿಗುವುದು ಹದಿನೈದು ನಿಮಿಷ ಅಂದುಕೊಂಡೇ ಹೋಗಿ. ಸಾಹೇಬರ ಎತ್ತರ, ಮೈಬಣ್ಣಕ್ಕೆ ಹೊಂದುವ ಒಬ್ಬರನ್ನು ಕೂರಿಸಿ ಮೊದಲೇ ಬೆಳಕು ಹೊಂದಿಸಿಕೊಳ್ಳಿ. ಎಸಿ ಕಾರಿನಿಂದ ಇಳಿಸಿದ ಕ್ಯಾಮೆರಾವನ್ನು ಇಪ್ಪತ್ತು ನಿಮಿಷ ಬ್ಯಾಗಿನಲ್ಲೇ ಬಿಡಿ, ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಲೆನ್ಸ್ ಮಂಜಾಗುತ್ತದೆ. ಸಾಹೇಬರು ಕೂತ ಮೇಲೆ “ಸರ್, ನಗಬೇಕಿಲ್ಲ, ಬಾಯಿ ಸಡಿಲ ಬಿಡಿ” ಎಂದರೆ ಸಾಕು. ಹಲ್ಲು ಕಾಣುವ ನಗು ಕ್ಯಾನ್ವಾಸಿನಲ್ಲಿ ವರ್ಷಗಟ್ಟಲೆ ನಿಲ್ಲುವುದಿಲ್ಲ.

ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಕೊಡಿ, ವಾಟ್ಸಾಪಿನಲ್ಲಿ ಫೋಟೊವಾಗಿ ಕಳಿಸಿದರೆ ನೆರಳಿನ ವಿವರ ಹೋಗುತ್ತದೆ. ಸುಕ್ಕು, ಮಚ್ಚೆ ಅಳಿಸಬೇಡಿ. ಏನು ಉಳಿಸಬೇಕು ಎಂಬುದನ್ನು ಕಲಾವಿದರೂ ಮನೆಯವರೂ ಕೂತು ತೀರ್ಮಾನಿಸಲಿ.